ಕೋಲು ಬದಲಿಸುವ ಮೊದಲು ಹಲಗೆ ನೋಡಿ

ಪ್ರಶ್ನೆ: ಟೇಬಲ್ ಮೇಲೆ ಇಡುವಂಥ ಆರ್ಕೇಡ್ ಪೆಟ್ಟಿಗೆಯೊಂದನ್ನು ಮನೆಯಲ್ಲೇ ಮಾಡಿದ್ದೇನೆ. 18 ಮಿ.ಮೀ. ಪ್ಲೈವುಡ್, ಹಳೆಯ 17 ಇಂಚಿನ ಕಂಪ್ಯೂಟರ್ ಮಾನಿಟರ್, ರಾಸ್‌ಬೆರಿ ಪೈ 3ಬಿ ಪ್ಲಸ್ ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ಹಳೆಯ ಆಟ ಓಡಿಸುವ ರೆಟ್ರೋಪೈ ಸಾಫ್ಟ್‌ವೇರ್. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಕಿಟ್ ತರಿಸಿ ಜೋಡಿಸಿದೆ: ಒಂದು ಜಾಯ್‌ಸ್ಟಿಕ್, ಎಂಟು ಬಟನ್, ‘ಝೀರೋ ಡಿಲೇ’ ಅಂತ ಬರೆದಿರುವ ಯುಎಸ್‌ಬಿ ಬೋರ್ಡ್. ಎಲ್ಲ ಆನ್ ಆಗುತ್ತದೆ, ಆದರೆ ಆಡಲು ಖುಷಿಯೇ ಇಲ್ಲ. ಪ್ಯಾಕ್‌ಮ್ಯಾನ್ ತಿರುವಿನಲ್ಲಿ ತಿರುಗದೆ ನೇರ ಭೂತದ ಬಾಯಿಗೆ ಹೋಗುತ್ತದೆ. ಸ್ಟ್ರೀಟ್ ಫೈಟರ್ 2ರಲ್ಲಿ ಹಡೋಕೆನ್ (ಕೈಯಿಂದ ಶಕ್ತಿಯ ಉಂಡೆ ಎಸೆಯುವ ಏಟು) ಐದು ಸಲ ಹೊಡೆದರೆ ಎರಡು ಸಲ ಬರುತ್ತದೆ. ಒಂದು ಬಟನ್ ಒಮ್ಮೊಮ್ಮೆ ಎರಡು ಸಲ ಒತ್ತಿದ ಹಾಗೆ ಆಗುತ್ತದೆ. ಇನ್ನು ಕೆಲವು ಸಲ ಮೂರು ಬಟನ್ ಒಟ್ಟಿಗೇ ಸುಮ್ಮನಾಗುತ್ತವೆ. ಅರ್ಧ ಗಂಟೆ ಆಡಿದರೆ ಮಣಿಕಟ್ಟು ನೋವು. ಎಂಟು ವರ್ಷದ ಮಗಳು ‘ಅಪ್ಪಾ, ಇದು ನನ್ನ ಮಾತೇ ಕೇಳಲ್ಲ’ ಅಂತ ಎದ್ದು ಹೋದಳು. ಒಬ್ಬ ಗೆಳೆಯ ಜಪಾನಿನ ಸಾನ್ವಾ ಜಾಯ್‌ಸ್ಟಿಕ್ ಹಾಕು ಅನ್ನುತ್ತಾನೆ. ಇನ್ನೊಬ್ಬ ಪೈ ಸಾಲದು, ದೊಡ್ಡದು ತಗೋ ಅನ್ನುತ್ತಾನೆ. ಯಾರ ಮಾತು ಕೇಳಲಿ?
– ದಾವಣಗೆರೆಯ ಓದುಗರೊಬ್ಬರು

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಮಗಳ ಮಾತು ಕೇಳಿ. ಅವಳು ಹೇಳಿದ್ದು ಸರಿಯಾಗಿದೆ: ಪೆಟ್ಟಿಗೆ ಅವಳ ಕೈಯ ಮಾತು ಕೇಳುತ್ತಿಲ್ಲ. ಯಾಕೆ ಕೇಳುತ್ತಿಲ್ಲ ಅನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಒಂದಲ್ಲ, ನಾಲ್ಕು ಕಾರಣ ಕಾಣುತ್ತಿವೆ. ನಾಲ್ಕೂ ಬೇರೆ ಬೇರೆ. ಗೆಳೆಯರು ನಾಲ್ಕು ಕಾಯಿಲೆಗೂ ಒಂದೇ ಮಾತ್ರೆ ಬರೆದುಕೊಟ್ಟಿದ್ದಾರೆ, ಅದೂ ದುಬಾರಿ ಮಾತ್ರೆ.

ಮೊದಲು ಪೈ ವಿಷಯ ಮುಗಿಸಿಬಿಡೋಣ. ಪ್ಯಾಕ್‌ಮ್ಯಾನ್ 1980ರ ಆಟ, ಸ್ಟ್ರೀಟ್ ಫೈಟರ್ 2 ಬಂದದ್ದು 1991ರಲ್ಲಿ. ಇವೆರಡನ್ನೂ ನಡೆಸಲು 3ಬಿ ಪ್ಲಸ್‌ಗೆ ಏನೂ ಕಷ್ಟವಿಲ್ಲ. ಒಂದೇ ಒಂದು ನೋಡಿಕೊಳ್ಳಿ: ಆಡುವಾಗ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದು ಹೋಗುತ್ತಿದೆಯಾ? ಬಂದರೆ ಪೈಗೆ ಕರೆಂಟ್ ಸಾಲುತ್ತಿಲ್ಲ ಅಂತ ಅರ್ಥ. ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಆ ಗುರುತು ಬರುತ್ತದೆ, ಪೈ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಳೆಯ ಮೊಬೈಲ್ ಚಾರ್ಜರ್ ಹಾಕಿದ್ದರೆ ತೆಗೆದು 5.1 ವೋಲ್ಟ್, 2.5 ಆಂಪಿಯರ್‌ನ ಅಡಾಪ್ಟರ್ ಹಾಕಿ. ಗುರುತು ಬರುತ್ತಿಲ್ಲ ಅಂದರೆ ಪೈಯನ್ನು ಅದರ ಪಾಡಿಗೆ ಬಿಡಿ.

ಎರಡನೆಯದು ‘ಝೀರೋ ಡಿಲೇ’. ಅದು ಡಬ್ಬದ ಮೇಲಿನ ಹೆಸರು, ಅಳತೆಯಲ್ಲ. ಇಂಥ ಅಗ್ಗದ ಬೋರ್ಡ್‌ಗಳಲ್ಲಿ ಹಲವು ಯುಎಸ್‌ಬಿಯ ನಿಧಾನ ದರ್ಜೆಯಲ್ಲಿ ಓಡುತ್ತವೆ. ಆ ದರ್ಜೆಯ ನಿಯಮದಂತೆ ‘ಏನಾದರೂ ಒತ್ತಿದರಾ?’ ಅಂತ ಕಂಪ್ಯೂಟರ್ ಕೇಳುವುದು 10 ಮಿಲಿಸೆಕೆಂಡಿಗೆ ಒಮ್ಮೆ. ಹಾಗಂತ ಹೆದರಬೇಡಿ. ಆಟದ ಒಂದು ಚಿತ್ರ ಪರದೆಯ ಮೇಲೆ ಇರುವುದೇ ಸುಮಾರು 16.7 ಮಿಲಿಸೆಕೆಂಡ್. ಬೋರ್ಡಿನ ತಡ ಹೆಚ್ಚೆಂದರೆ ಅದರ ಮುಕ್ಕಾಲಿಗಿಂತ ಕಡಿಮೆ. ಬೆರಳಿಗೆ ಗೊತ್ತಾಗುವಷ್ಟು ತಡ ಸಾಮಾನ್ಯವಾಗಿ ಬರುವುದು ಟಿವಿಯಿಂದ, ಅದೂ ಗೇಮ್ ಮೋಡ್ ಹಾಕದೆ ಬಿಟ್ಟಾಗ. ನಿಮ್ಮದು ಮಾನಿಟರ್, ಹಾಗಾಗಿ ಅಷ್ಟು ಚಿಂತೆಯಿಲ್ಲ.

ಆದರೂ ಸಂಶಯ ಇದ್ದರೆ ನನ್ನ ಮಾತು ನಂಬಬೇಡಿ, ಅಳೆದು ನೋಡಿ. ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರದ ಸ್ಲೋಮೋಷನ್ ಇದ್ದರೆ ಬಟನ್ ಮೇಲಿನ ಬೆರಳು ಮತ್ತು ಪರದೆ ಎರಡೂ ಕಾಣುವಂತೆ ವಿಡಿಯೋ ತೆಗೆಯಿರಿ. ಬಟನ್ ತಳ ಮುಟ್ಟಿದಲ್ಲಿಂದ ಪರದೆಯಲ್ಲಿ ಸ್ಟ್ರೀಟ್ ಫೈಟರ್ ಹೋರಾಟಗಾರ ರ್ಯೂ ಕೈ ಎತ್ತುವವರೆಗೆ ಒಂದೊಂದೇ ಚಿತ್ರ ಸರಿಸುತ್ತಾ ಎಣಿಸಿ. ಒಂದು ಚಿತ್ರ ಅಂದರೆ 4 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ. 20 ಚಿತ್ರ ಆದರೆ 83 ಮಿಲಿಸೆಕೆಂಡ್, ಅಂದರೆ ಆಟದ ಲೆಕ್ಕದಲ್ಲಿ 5 ಚಿತ್ರ. ಇದರಲ್ಲಿ ಒಂದೆರಡು ಚಿತ್ರದ ತಡ ಆಟದ ಒಳಗೇ ಇರುತ್ತದೆ, ಅಂಗಡಿಯ ಮೂಲ ಮಷೀನಿನಲ್ಲೂ ಇತ್ತು. ಲೆಕ್ಕ ಅದಕ್ಕಿಂತ ತುಂಬಾ ಜಾಸ್ತಿ ಬಂದರೆ, ರೆಟ್ರೋಪೈ ಒಳಗೆ ಆಟ ಓಡಿಸುವ ಪ್ರೋಗ್ರಾಂ ಆದ ರೆಟ್ರೋಆರ್ಚ್‌ನ ವಿಡಿಯೋ ಸೆಟ್ಟಿಂಗ್‌ನಲ್ಲಿ ‘ಥ್ರೆಡೆಡ್ ವಿಡಿಯೋ’ ಆನ್ ಇದೆಯಾ ನೋಡಿ, ಇದ್ದರೆ ಆಫ್ ಮಾಡಿ. ಅದು ಆಟ ನುಣುಪಾಗಿ ಓಡುವಂತೆ ಮಾಡುತ್ತದೆ, ಬದಲಿಗೆ ತಡ ತರುತ್ತದೆ.

ಈಗ ಪ್ಯಾಕ್‌ಮ್ಯಾನ್‌ಗೆ ಬರೋಣ. ನನಗೆ ಇಷ್ಟವಾದ ಸಮಸ್ಯೆ ಇದು. ವಿಡಿಯೋ ಗೇಮ್ ಅಂಗಡಿಗಳ ಮಷೀನ್ ರಿಪೇರಿ ಮಾಡುತ್ತಿದ್ದ ದಿನಗಳಲ್ಲಿ ಇದೇ ದೂರು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಂಗಡಿಯವರು ಪೆಟ್ಟಿಗೆ ಹಾಗೇ ಇಟ್ಟುಕೊಂಡು ಒಳಗಿನ ಬೋರ್ಡ್ ಮಾತ್ರ ಬದಲಿಸಿ ಬೇರೆ ಆಟ ಹಾಕುತ್ತಿದ್ದರು. ಖರ್ಚು ಉಳಿಯುತ್ತಿತ್ತು. ಆದರೆ ಹೊಡೆದಾಟದ ಆಟಕ್ಕೆ ಮಾಡಿದ ಪೆಟ್ಟಿಗೆಗೆ ಓಣಿ ಸುತ್ತುವ ಆಟ ಹಾಕಿದರೆ ಮಾರನೇ ದಿನವೇ ಹುಡುಗರ ಜಗಳ: ‘ಅಣ್ಣಾ, ಕೋಲು ಕೆಟ್ಟಿದೆ, ಟೋಕನ್ ವಾಪಸ್ ಕೊಡಿ.’ ನಾನು ಹೋಗಿ ನೋಡಿದರೆ ಕೋಲು, ಅಂದರೆ ಜಾಯ್‌ಸ್ಟಿಕ್, ಚೆನ್ನಾಗೇ ಇರುತ್ತಿತ್ತು.

ವಿಷಯ ಏನಂದರೆ, ಪ್ಯಾಕ್‌ಮ್ಯಾನ್ ಮೂಲ ಮಷೀನಿನ ಜಾಯ್‌ಸ್ಟಿಕ್‌ಗೆ ನಾಲ್ಕೇ ದಿಕ್ಕು. ಮೇಲೆ, ಕೆಳಗೆ, ಎಡ, ಬಲ. ಓರೆಗೆ ಹೋಗಲು ಕೋಲಿಗೆ ಜಾಗವೇ ಇರಲಿಲ್ಲ. ಡಾಂಕಿ ಕಾಂಗ್ ಕೂಡ ಹಾಗೇ. ನಿಮ್ಮ ಕಿಟ್‌ನಲ್ಲಿ ಬಂದಿರುವುದು ಎಂಟು ದಿಕ್ಕಿನದು. ಅದರ ಒಳಗೆ ಇರುವ ಸ್ವಿಚ್ ನಾಲ್ಕೇ. ಕೋಲು ಓರೆಯಾದಾಗ ಪಕ್ಕಪಕ್ಕದ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ಳುತ್ತವೆ. ಪ್ಯಾಕ್‌ಮ್ಯಾನ್ ಬಲಕ್ಕೆ ಓಡುತ್ತಿರುವಾಗ ನೀವು ಮೇಲಕ್ಕೆ ತಿರುಗಿಸಲು ಹೋಗುತ್ತೀರಿ. ಕೈ ಓರೆಯಲ್ಲಿ ಅರೆಕ್ಷಣ ನಿಲ್ಲುತ್ತದೆ. ಆಗ ಆಟಕ್ಕೆ ‘ಬಲಕ್ಕೆ’ ಮತ್ತು ‘ಮೇಲಕ್ಕೆ’ ಎರಡೂ ಕೇಳಿಸುತ್ತವೆ. ಎರಡು ಮಾತು ಒಟ್ಟಿಗೆ ಬರುತ್ತವೆ ಅಂತ ಆ ಆಟ ಬರೆದವರು ಎಣಿಸಿರಲೇ ಇಲ್ಲ. ಹಾಗಾಗಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ. ಹಿಡಿದದ್ದು ‘ಬಲಕ್ಕೆ’ ಆದರೆ ತಿರುವು ತಪ್ಪಿತು, ಭೂತಕ್ಕೆ ಊಟ ಸಿಕ್ಕಿತು.

ಪರಿಹಾರಕ್ಕೆ ದುಡ್ಡು ಬೇಕಾಗಿಲ್ಲ, ಬಹುಶಃ. ಜಾಯ್‌ಸ್ಟಿಕ್ ಬಿಚ್ಚಿ ಮಗುಚಿ ಹಾಕಿ ನೋಡಿ. ತಳದಲ್ಲಿ ಚೌಕ ತೂತಿರುವ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಅದಕ್ಕೆ ಗೇಟ್ ಅನ್ನುತ್ತಾರೆ. ಕೋಲು ಎಲ್ಲಿಯವರೆಗೆ ಹೋಗಬಹುದು ಅಂತ ತೀರ್ಮಾನಿಸುವುದು ಇದೇ. ಚೌಕದ ನಾಲ್ಕು ಮೂಲೆಗಳೇ ನಾಲ್ಕು ಓರೆ ದಿಕ್ಕು. ಈ ತಟ್ಟೆಯನ್ನು 45 ಡಿಗ್ರಿ ತಿರುಗಿಸಿದರೆ ಮೂಲೆಗಳು ಮೇಲೆ, ಕೆಳಗೆ, ಎಡ, ಬಲಕ್ಕೆ ಬರುತ್ತವೆ. ಓರೆಗೆ ಹೋಗಲು ನೋಡಿದರೆ ಕೋಲು ಗೋಡೆಗೆ ತಾಗಿ ಪಕ್ಕದ ಮೂಲೆಗೆ ಜಾರುತ್ತದೆ. ಅಷ್ಟೇ, ನಾಲ್ಕು ದಿಕ್ಕಿನ ಕೋಲು ತಯಾರು. ಸಾನ್ವಾ ಕಂಪನಿಯ ಜೆಎಲ್‌ಎಫ್ ಎಂಬ ಕೋಲಿನಲ್ಲಿ ಈ ಅನುಕೂಲ ಇದೆ, ಅದನ್ನು ನೋಡಿ ಮಾಡಿದ ಅಗ್ಗದ ಕೋಲುಗಳಲ್ಲೂ ಎಷ್ಟೋ ಸಲ ಇರುತ್ತದೆ. ಕೆಲವಕ್ಕೆ ಸ್ಕ್ರೂ, ಕೆಲವಕ್ಕೆ ಕ್ಲಿಪ್. ಕ್ಲಿಪ್ ಇದ್ದರೆ ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದೇ ಕಡೆಯಿಂದ ಎಬ್ಬಿದರೆ ಕಿವಿ ಮುರಿಯುತ್ತದೆ.

ತೊಂದರೆ ಗೊತ್ತಾಯ್ತಲ್ಲ? ಗೇಟ್ ಹೀಗೆ ತಿರುಗಿಸಿದರೆ ಹಡೋಕೆನ್ ಪೂರ್ತಿ ಬಂದ್. ಅದಕ್ಕೆ ಓರೆ ಬೇಕೇ ಬೇಕು. ಇಲ್ಲಿ ನೀವೇ ಆಯ್ಕೆ ಮಾಡಬೇಕು. ಪೆಟ್ಟಿಗೆ ಯಾರಿಗೆ? ಮಗಳು ಜಾಸ್ತಿ ಆಡುವುದು ಪ್ಯಾಕ್‌ಮ್ಯಾನ್ ಆದರೆ ಕಣ್ಣು ಮುಚ್ಚಿ ತಿರುಗಿಸಿ. ಇಬ್ಬರಿಗೂ ಬೇಕು ಅಂದರೆ ಕೋಲು, ಬಟನ್ ಕೂರುವ ಹಲಗೆಯ ಮಧ್ಯದಲ್ಲಿ ಇನ್ನೊಂದು ನಾಲ್ಕು ದಿಕ್ಕಿನ ಕೋಲು ಹಾಕಬಹುದು, ಜಾಗ ಇದ್ದರೆ. ಎರಡನ್ನೂ ಒಂದೇ ಬೋರ್ಡಿಗೆ ಸಮಾನಾಂತರವಾಗಿ ಜೋಡಿಸಿದರೂ ನಡೆಯುತ್ತದೆ. ಮೂರನೆಯ ದಾರಿ ಸಾಫ್ಟ್‌ವೇರ್. ನಾಲ್ಕು ದಿಕ್ಕಿನ ಆಟದಲ್ಲಿ ಓರೆ ಬಂದರೆ ಒಂದೇ ದಿಕ್ಕು ಅಂತ ತೆಗೆದುಕೊಳ್ಳುವ ಏರ್ಪಾಡು ಮೇಮ್ ಎಮ್ಯುಲೇಟರ್‌ನಲ್ಲಿ (ಹಳೆಯ ಆರ್ಕೇಡ್ ಮಷೀನನ್ನು ಅನುಕರಿಸುವ ಪ್ರೋಗ್ರಾಂ) ಇದೆ. ಆವೃತ್ತಿಯಿಂದ ಆವೃತ್ತಿಗೆ ಅದರ ನಡತೆ ಬೇರೆ. ಕೆಲಸ ನಡೆಯುತ್ತದೆ, ಆದರೆ ಕೈಗೆ ಗೋಡೆ ಸಿಗುವುದಿಲ್ಲ. ತಿರುವಿಗೆ ಮೊದಲೇ ಕೋಲನ್ನು ಮೂಲೆಗೆ ಒರಗಿಸಿ ಕಾಯುವ ಸುಖ ಅದರಲ್ಲಿ ಇಲ್ಲ.

ಇನ್ನು ಹಡೋಕೆನ್. ಇಲ್ಲಿ ನನಗೆ ಅನುಮಾನ ಇರುವುದು ಕೋಲಿನ ಮೇಲಲ್ಲ, ನಿಮ್ಮ 18 ಮಿ.ಮೀ. ಪ್ಲೈವುಡ್ ಮೇಲೆ.

ಇಂಥ ಜಾಯ್‌ಸ್ಟಿಕ್ ಮಾಡಿರುವುದು ತೆಳು ಲೋಹದ ಹಲಗೆಗೆ. ಕೋಲು ತಿರುಗುವ ಕೀಲು ಹಲಗೆಯ ಕೆಳಗೆ ಇರುತ್ತದೆ. ಕೀಲಿನಿಂದ ಮೇಲೆ ಹೋದಷ್ಟೂ ಕೋಲಿನ ಓಲಾಟ ಅಗಲವಾಗುತ್ತದೆ. ಎರಡು ಮಿ.ಮೀ. ಹಲಗೆಯಲ್ಲಿ 24 ಮಿ.ಮೀ. ತೂತು ಧಾರಾಳ ಸಾಕು. ಅದೇ ತೂತು 18 ಮಿ.ಮೀ. ಮರದಲ್ಲಿ ಬಾವಿಯ ಹಾಗೆ ಆಗುತ್ತದೆ. ಕೋಲು ಗೇಟ್‌ಗೆ ತಾಗುವ ಮೊದಲೇ ಬಾವಿಯ ಮೇಲಂಚಿಗೆ ತಾಗುತ್ತದೆ. ಚೌಕ ಗೇಟ್‌ನಲ್ಲಿ ಮೂಲೆಗಳೇ ಎಲ್ಲಕ್ಕಿಂತ ದೂರ. ಹಾಗಾಗಿ ಮೊದಲು ಪೆಟ್ಟು ತಿನ್ನುವುದು ಓರೆ ದಿಕ್ಕು. ಹಡೋಕೆನ್ ಅಂದರೆ ಕೆಳಗೆ, ಕೆಳಗೆ-ಮುಂದೆ, ಮುಂದೆ, ಆಮೇಲೆ ಪಂಚ್. ಮಧ್ಯದ ಓರೆ ತಪ್ಪಿದರೆ ಬರುವುದು ಬರೀ ಪಂಚ್.

ಪರೀಕ್ಷೆ ಸುಲಭ. ಕೋಲಿನ ಗುಂಡು ಬಿಚ್ಚಿ. ಕೆಳಗಿನಿಂದ ಕೋಲಿನ ತುದಿಯ ಸೀಳಿಗೆ ಸ್ಕ್ರೂ ಡ್ರೈವರ್ ಹಿಡಿದು ಗುಂಡು ತಿರುಗಿಸಿದರೆ ಬರುತ್ತದೆ. ಮೇಲಿನ ಕಪ್ಪು ಬಿಲ್ಲೆ ತೆಗೆದು ಟಾರ್ಚ್ ಬಿಟ್ಟು ನೋಡಿ. ತೂತಿನ ಅಂಚಿನಲ್ಲಿ ನಾಲ್ಕು ಕಡೆ ಪ್ಲೈವುಡ್ ನುಣ್ಣಗೆ ಸವೆದು ಕಪ್ಪಗಾಗಿದೆಯಾ? ಆಗಿದ್ದರೆ ಕಳ್ಳ ಸಿಕ್ಕಿದ. ಖಾತ್ರಿ ಬೇಕಿದ್ದರೆ ರೆಟ್ರೋಪೈ ಮುಖಪುಟದಲ್ಲಿ ಕೀಬೋರ್ಡಿನ ಎಫ್4 ಒತ್ತಿ ಕಪ್ಪು ಪರದೆಗೆ ಹೋಗಿ, ಜೆಎಸ್‌ಟೆಸ್ಟ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿ. ಕೋಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಓರೆಗೆ ಬಂದಾಗ ಅಡ್ಡ ಮತ್ತು ಉದ್ದದ ಎರಡು ಅಂಕಿಗಳೂ ಒಟ್ಟಿಗೆ ಬದಲಾಗಬೇಕು. ನಾಲ್ಕು ಮೂಲೆಯಲ್ಲಿ ಯಾವುದರಲ್ಲಾದರೂ ಒಂದೇ ಬದಲಾದರೆ ಆ ಮೂಲೆ ಸತ್ತಿದೆ. ನಾಲ್ಕೂ ಸರಿಯಾಗಿ ಬಂದು, ಸವೆತವೂ ಇಲ್ಲ ಅಂದರೆ ದೋಷ ಹಲಗೆಯದ್ದಲ್ಲ. ಆಗ ಇನ್ನಷ್ಟು ಅಭ್ಯಾಸ ಬೇಕು, ಬೇಜಾರಾಗಬೇಡಿ!

ಹಲಗೆಯದ್ದೇ ದೋಷ ಆದರೆ ತಾತ್ಕಾಲಿಕ ಉಪಾಯ ಒಂದಿದೆ. ಬಟನ್‌ಗೆ ಕೊರೆದ 30 ಮಿ.ಮೀ. ಹೋಲ್ ಸಾದಿಂದಲೇ ಕೋಲಿನ ತೂತನ್ನೂ ಅಗಲಿಸುವುದು. ಮೊದಲು ಆ ಕಪ್ಪು ಬಿಲ್ಲೆ ಇಟ್ಟು, ಕೋಲು ಯಾವ ಕಡೆ ವಾಲಿದರೂ ತೂತು ಮುಚ್ಚಿರುತ್ತದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಚಕ್ಕುಲಿ ಪುಡಿಯೆಲ್ಲ ಸ್ವಿಚ್ ಮೇಲೆ ಬೀಳುತ್ತದೆ.

ಸರಿಯಾದ ಪರಿಹಾರ ಅಂದರೆ ಜಾಯ್‌ಸ್ಟಿಕ್ ಕೂರುವಷ್ಟು ಜಾಗದಲ್ಲಿ ಹಲಗೆಯನ್ನು ಕೆಳಗಿನಿಂದ ಕೆತ್ತಿ ತೆಳ್ಳಗೆ ಮಾಡುವುದು. ಮರ ಕೆತ್ತುವ ರೂಟರ್ ಮಷೀನ್ ಇರುವ ಬಡಗಿಗೆ ಇದು ಹತ್ತು ನಿಮಿಷದ ಕೆಲಸ. 5-6 ಮಿ.ಮೀ. ಉಳಿಸಲು ಹೇಳಿ. ಎಷ್ಟು ಕೆತ್ತುತ್ತಾರೋ ಕೋಲೂ ಅಷ್ಟು ಮೇಲೆ ಬರುತ್ತದೆ. ಈಗ ನಿಮ್ಮ ಗುಂಡು ಹಲಗೆಗೆ ತೀರಾ ಹತ್ತಿರ ಇರುವುದರಿಂದ ಬೆರಳಿನ ಗೆಣ್ಣು ಮರಕ್ಕೆ ಉಜ್ಜುತ್ತಿರಬೇಕು, ಅಲ್ವಾ? ಅದೂ ತಪ್ಪುತ್ತದೆ. ಒಂದು ಎಚ್ಚರಿಕೆ: ಕೆತ್ತಿದ ಜಾಗಕ್ಕೆ ಮರದ ಸ್ಕ್ರೂ ಹಿಡಿಯುವುದಿಲ್ಲ, ಇಲ್ಲಾ ಮೇಲೆ ತೂರಿ ಬರುತ್ತದೆ. ಮೇಲಿನಿಂದ ಚಪ್ಪಟೆ ತಲೆಯ ಬೋಲ್ಟ್ ಇಳಿಸಿ ಕೆಳಗೆ ನಟ್ ಹಾಕಿ. ಬೋಲ್ಟ್ ತಲೆ ಕಾಣಬಾರದು ಅಂದರೆ ಮೇಲೆ 3 ಮಿ.ಮೀ. ಅಕ್ರಿಲಿಕ್ ಹಾಳೆ ಹೊದಿಸಿ. ಬರೀ ಅಕ್ರಿಲಿಕ್‌ನಲ್ಲಿ ಹಲಗೆ ಮಾಡಲು ಹೋಗಬೇಡಿ. ಹುಡುಗರು ಕೋಲು ಎಳೆಯುವ ರಭಸಕ್ಕೆ ಬಳುಕುತ್ತದೆ, ಒಂದು ದಿನ ತೂತಿನಿಂದ ಬಿರುಕು ಬಿಡುತ್ತದೆ.

ಮತ್ತೆ ಜೋಡಿಸುವಾಗ ಎಲ್ಲರೂ ಎಡವುವ ಒಂದು ಜಾಗ ಹೇಳಿಬಿಡುತ್ತೇನೆ. ಕೋಲನ್ನು ಮೇಲಕ್ಕೆ ತಳ್ಳಿದರೆ ಅದರ ಕೆಳತುದಿ ಹಿಂದಕ್ಕೆ, ನಿಮ್ಮ ಕಡೆಗೆ ಬರುತ್ತದೆ. ಒತ್ತಿಕೊಳ್ಳುವುದು ನಿಮ್ಮ ಕಡೆಯ ಸ್ವಿಚ್. ಹಾಗಾಗಿ ‘ಮೇಲೆ’ ವೈರ್ ಹೋಗಬೇಕಾದದ್ದು ಕೆಳಗಿನ ಸ್ವಿಚ್‌ಗೆ. ಕಿಟ್‌ನ ಐದು ಪಿನ್ ಕೇಬಲ್ ಬಳಸಿದರೂ ಕೋಲನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದರೆ ದಿಕ್ಕೆಲ್ಲ ಅದಲುಬದಲು. ಅದನ್ನು ರೆಟ್ರೋಪೈನಲ್ಲೇ ಮತ್ತೆ ಹೊಂದಿಸಬಹುದು, ವೈರ್ ಕೀಳಬೇಕಾಗಿಲ್ಲ.

ಬಟನ್ ವಿಷಯ ಚಿಕ್ಕದು. ಎರಡು ಸಲ ಒತ್ತಿದಂತಾಗುವ ಬಟನ್‌ನ ವೈರನ್ನು ಪಕ್ಕದ ಒಳ್ಳೆಯ ಬಟನ್‌ಗೂ, ಅದರದ್ದನ್ನು ಇದಕ್ಕೂ ಹಾಕಿ ನೋಡಿ. ತೊಂದರೆ ಬಟನ್ ಜೊತೆ ಹೋದರೆ ಒಳಗಿನ ಮೈಕ್ರೋಸ್ವಿಚ್ ಸವೆದು ಕುಣಿಯುತ್ತಿದೆ, ಆ ಒಂದು ಬಟನ್ ಬದಲಿಸಿ ಸಾಕು. ತೊಂದರೆ ವೈರ್ ಜೊತೆಗೇ ಉಳಿದರೆ ಟರ್ಮಿನಲ್ ಸಡಿಲ. ಈ ಟರ್ಮಿನಲ್‌ಗಳು 2.8 ಮತ್ತು 4.8 ಮಿ.ಮೀ. ಅಗಲದಲ್ಲಿ ಬರುತ್ತವೆ. 2.8ರ ಕಾಲಿಗೆ 4.8ರದ್ದನ್ನು ಇಕ್ಕಳದಲ್ಲಿ ಅದುಮಿ ಕೂರಿಸಿದವರ ಪೆಟ್ಟಿಗೆಗಳು ನನ್ನ ಬಳಿಗೆ ಬರುತ್ತಲೇ ಇರುತ್ತವೆ. ಬಟನ್ ಕಾಲಿಗೆ ನೇರ ಬೆಸುಗೆ ಹಾಕಲು ಮಾತ್ರ ಹೋಗಬೇಡಿ. ಪ್ಲಾಸ್ಟಿಕ್ ಕರಗಿ ಕಾಲು ವಾಲಿಕೊಳ್ಳುತ್ತದೆ.

ಮೂರು ಬಟನ್ ಒಟ್ಟಿಗೇ ಸುಮ್ಮನಾಗುತ್ತವೆ ಅಂದಿರಲ್ಲ, ಅದು ಒಳ್ಳೆಯ ಸುಳಿವು. ಕಿಟ್‌ನ ಎರಡೆಳೆ ವೈರ್ ಬಿಟ್ಟು ನೀವು ಗ್ರೌಂಡ್ ವೈರನ್ನು (ಎಲ್ಲ ಬಟನ್‌ಗೂ ಸಾಮಾನ್ಯವಾದ ವೈರ್) ಒಂದು ಬಟನ್‌ನಿಂದ ಇನ್ನೊಂದಕ್ಕೆ ಸರಪಳಿ ಹಾಗೆ ಎಳೆದಿರಬೇಕು. ಸರಪಳಿಯ ಒಂದು ಕೊಂಡಿ ಸಡಿಲವಾದರೆ ಅದರಾಚೆ ಇರುವ ಬಟನ್‌ಗಳೆಲ್ಲ ಸಾಯುತ್ತವೆ. ಸುಮ್ಮನಾಗುವ ಮೂರರಲ್ಲಿ ಬೋರ್ಡಿಗೆ ಹತ್ತಿರದ್ದು ಯಾವುದೋ, ಅದರ ಹಿಂದಿನ ಕೊಂಡಿ ನೋಡಿ. ಸರಿಮಾಡಿದ ಮೇಲೆ ಸರಪಳಿಯ ಕೊನೆಯನ್ನೂ ಬೋರ್ಡಿನ ಗ್ರೌಂಡಿಗೆ ತಂದು ಸೇರಿಸಿ. ಆಗ ಅದು ಬಳೆಯಾಗುತ್ತದೆ. ಎಲ್ಲೋ ಒಂದು ಕಡೆ ಬಿಟ್ಟುಹೋದರೂ ಇನ್ನೊಂದು ಕಡೆಯಿಂದ ಕೆಲಸ ನಡೆಯುತ್ತದೆ.

ಮಣಿಕಟ್ಟು ನೋವಿಗೆ ಕಾರಣ ಹೆಚ್ಚಾಗಿ ಎತ್ತರ. ಊಟದ ಟೇಬಲ್ ಸುಮಾರು 75 ಸೆ.ಮೀ. ಇರುತ್ತದೆ. ಅದರ ಮೇಲೆ ಪೆಟ್ಟಿಗೆಯ ಹಲಗೆ ಇನ್ನೊಂದು ಗೇಣು. ಮೊಣಕೈ ಕೆಳಗೆ, ಕೈ ಮೇಲೆ, ಮಣಿಕಟ್ಟು ಮಡಚಿ ಆಡುತ್ತಿದ್ದೀರಿ. ಮೊಣಕೈ ಮತ್ತು ಹಲಗೆ ಸಮ ಎತ್ತರಕ್ಕೆ ಬರಬೇಕು. ತಗ್ಗು ಟೇಬಲ್ ಹುಡುಕಿ, ಇಲ್ಲವೇ ಕುರ್ಚಿ ಎತ್ತರಿಸಿ. ಹಲಗೆಯ ಮುಂದಿನ ಅಂಚು ಚೂಪಾಗಿದ್ದರೆ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಗುಂಡಗೆ ಮಾಡಿ. ಬೆರಳು ಜುಮ್ಮೆನ್ನುವುದು, ಆಡದ ಹೊತ್ತಿನಲ್ಲೂ ನೋವು ಇದ್ದರೆ ಅದು ಬಡಗಿ ಕೆಲಸವಲ್ಲ, ಡಾಕ್ಟರ್‌ಗೆ ತೋರಿಸಿ.

ಕೋಲು ಎಳೆದಾಗ ಪೆಟ್ಟಿಗೆಯೇ ಜಾರುತ್ತದೆಯಾ? ನೀವು ಬರೆದಿಲ್ಲ, ಆದರೆ ಟೇಬಲ್ ಪೆಟ್ಟಿಗೆಗಳಲ್ಲಿ ಜಾರದೇ ಇರುವುದನ್ನು ನಾನು ಕಂಡಿದ್ದು ಕಡಿಮೆ. ಜಾರುವ ಪೆಟ್ಟಿಗೆಯನ್ನು ಎಡಗೈ ಗೊತ್ತಿಲ್ಲದೇ ಬಿಗಿಹಿಡಿಯುತ್ತದೆ, ನೋವು ಅಲ್ಲಿಂದಲೂ ಬರುತ್ತದೆ. ಅಡುಗೆಮನೆ ಕಟ್ಟೆ ಮಾಡಿಸಿದಾಗ ಉಳಿದ ಗ್ರಾನೈಟ್ ತುಂಡು ಮನೆಯಲ್ಲಿ ಎಲ್ಲೋ ಬಿದ್ದಿರುತ್ತದೆ. ಅದನ್ನು ಪೆಟ್ಟಿಗೆಯ ತಳದಲ್ಲಿ, ಮುಂಭಾಗಕ್ಕೆ, ಪಟ್ಟಿ ಹೊಡೆದು ಅಲುಗದಂತೆ ಕೂರಿಸಿ. ಪೈ ಹತ್ತಿರ ಬೇಡ. ಕೆಳಗೆ ನಾಲ್ಕು ರಬ್ಬರ್ ಬುಶ್. ನನ್ನ ಪ್ರಕಾರ ಇಡೀ ಉತ್ತರದಲ್ಲಿ ಅತಿ ಅಗ್ಗದ, ಅತಿ ಲಾಭದ ಸುಧಾರಣೆ ಇದು.

ಇಷ್ಟೆಲ್ಲ ಆದಮೇಲೂ ದುಡ್ಡು ಖರ್ಚು ಮಾಡುವ ಆಸೆ ಉಳಿದಿದ್ದರೆ ಮೊದಲು ಬೋರ್ಡ್ ಬದಲಿಸಿ. ರಾಸ್‌ಬೆರಿ ಪೈ ಪಿಕೋ ಅಂತ ಒಂದು ಪುಟ್ಟ ಬೋರ್ಡ್ ಇದೆ. 2021ರಲ್ಲಿ ನಾಲ್ಕು ಡಾಲರ್‌ಗೆ ಬಂತು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕೆ ಜಿಪಿ2040-ಸಿಇ ಎಂಬ ಉಚಿತ ಸಾಫ್ಟ್‌ವೇರ್ ತುಂಬಿದರೆ ಸೆಕೆಂಡಿಗೆ ಸಾವಿರ ಸಲ ಬಟನ್ ವರದಿ ಕೊಡುತ್ತದೆ. ಬೆಸುಗೆ ಬರಬೇಕು, ಅಷ್ಟೇ. ಬಟನ್‌ಗಳನ್ನು ಬೋರ್ಡ್ ಇಲ್ಲದೆ ನೇರ ಪೈ ಪಿನ್‌ಗಳಿಗೇ ಜೋಡಿಸುವ ದಾರಿಯೂ ಇದೆ. ಆದರೆ ಆ ಪಿನ್‌ಗಳು ತಡೆಯುವುದು 3.3 ವೋಲ್ಟ್ ಮಾತ್ರ. ದೀಪ ಇರುವ ಬಟನ್‌ನ 5 ವೋಲ್ಟ್ ವೈರ್ ತಪ್ಪಿ ಅಲ್ಲಿಗೆ ತಾಗಿದರೆ ಪೈ ಹೋಯಿತು. ಪಿಕೋ ಪಿನ್‌ಗೂ ಇದೇ ಮಿತಿ, ಆದರೆ ಸುಟ್ಟರೆ ಸಣ್ಣದು ಸುಡುತ್ತದೆ.

ಸಾನ್ವಾ ಕೋಲು ಕೊನೆಗೆ. ಅದು ಒಳ್ಳೆಯದು, ಸುಳ್ಳು ಹೇಳಲಾರೆ. ಸ್ಪ್ರಿಂಗ್, ಗೇಟ್ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಈಗಿನ ಹಲಗೆಗೆ ಅದನ್ನು ಹಾಕಿದರೆ ಅದೂ ಅದೇ ಬಾವಿಯ ಅಂಚಿಗೆ ಬಡಿದುಕೊಳ್ಳುತ್ತದೆ.

ಹೊಸ ಹಲಗೆ ಕೊರೆಯುವುದೇ ಆದರೆ ಮೊದಲು ರಟ್ಟಿನಲ್ಲಿ ಮಾಡಿ. ಬಟನ್ ನಡುವಿನಿಂದ ನಡುವಿಗೆ 36 ಮಿ.ಮೀ. ಅಂತರ ದೊಡ್ಡವರ ಕೈಗೆ ಸರಿ. ಮಗಳ ಕೈಯನ್ನು ರಟ್ಟಿನ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಅವಳ ಮೂರನೇ ಬೆರಳು ಮೂರನೇ ಬಟನ್ ಮುಟ್ಟುತ್ತದೆಯಾ ನೋಡಿ. ಮುಟ್ಟದಿದ್ದರೆ 24 ಮಿ.ಮೀ. ಬಟನ್‌ಗಳನ್ನು ಹತ್ತಿರ ಹತ್ತಿರ ಹಾಕಬಹುದು. ಮತ್ತೆ ಹಲಗೆಯನ್ನು ಪೆಟ್ಟಿಗೆಗೆ ಫೆವಿಕಾಲ್ ಹಾಕಿ ಅಂಟಿಸಬೇಡಿ. ಹಿಂದೆ ಎರಡು ಹಿಂಜ್, ಮುಂದೆ ಎರಡು ಸ್ಕ್ರೂ. ಮುಂದಿನ ವರ್ಷ ಅವಳ ಕೈ ದೊಡ್ಡದಾದಾಗ ಮತ್ತೆ ಬಿಚ್ಚಬೇಕಾಗುತ್ತದೆ.